ಲೆಕ್ಕ ಸರಿಯಿತ್ತು, ಬೊಳ್ಳಿ ಸರಿಯಿರಲಿಲ್ಲ

ಮಳೆಗಾಲದ ನಡುವಿನ ಆಟಿ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ನನ್ನ ಕೈಪುಸ್ತಕದಲ್ಲಿ ಬರೆದದ್ದು ಇಷ್ಟು: ‘ಸಮಯ 7.40. ದನ 23. ಎಲ್ಲ ಕ್ಷೇಮ.’ ಅದೇ ಶುಕ್ರವಾರ ಸಂಜೆ, ಆ 23ರಲ್ಲಿ ಒಂದಾದ ಬೊಳ್ಳಿ ಎಂಬ ಹಸುವಿನ ಎಡಪಕ್ಕೆ ಕೊಯ್ದು ಡಾಕ್ಟರರು ಒಳಗಿನಿಂದ ಪ್ಲಾಸ್ಟಿಕ್ ಎಳೆಯುತ್ತಿದ್ದಾಗ, ನಾನು ಹಟ್ಟಿಯ ಮೂಲೆಯಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ.

ಉಡುಪಿಯಿಂದ ಮಣಿಪಾಲ, ಪರ್ಕಳ ದಾಟಿ ಹಿರಿಯಡ್ಕದ ಕಡೆಗೆ ಹೋಗುವಾಗ ಒಳದಾರಿ ಹಿಡಿದರೆ ನಮ್ಮ ಪದವು ಸಿಗುತ್ತದೆ. ಮುರಕಲ್ಲಿನ ಚಪ್ಪಟೆ ನೆತ್ತಿ, ಸುತ್ತ ಗೇರು ಮರಗಳು, ಇಳಿಜಾರಿನಲ್ಲಿ ಹಾಡಿ, ಕೆಳಗೆ ಗದ್ದೆ, ತೋಟ. ಏಪ್ರಿಲ್‌ನಲ್ಲಿ ಬರಿಗಾಲು ಊರಲಾಗದಷ್ಟು ಕಾಯುವ ಈ ಕಲ್ಲು, ಮಳೆ ಹಿಡಿದ ಹದಿನೈದು ದಿನಕ್ಕೆ ಹಸುರಾಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಆ ನೀರು ಕಲ್ಲಿನ ತಗ್ಗುಗಳಲ್ಲಿ ಬೆರಳಿನ ಗಾತ್ರದಷ್ಟು ನಿಂತು, ಅದರೊಳಗೆ ಒಂದು ಗೇಣೂ ಎತ್ತರವಿಲ್ಲದ ಗಿಡಗಳು ಹೂಬಿಡುತ್ತವೆ. ಚಿಕ್ಕವರಿದ್ದಾಗ ಸೋಣ ತಿಂಗಳ ಹೊಸ್ತಿಲ ಪೂಜೆಗೆ ನಾವು ಹೂ ಕೊಯ್ಯಲು ಹೋಗುತ್ತಿದ್ದದ್ದು ಅಲ್ಲಿಗೇ. 31 ವರ್ಷ ಬ್ಯಾಂಕಿನಲ್ಲಿ ದುಡಿದು, ನಿವೃತ್ತಳಾಗಿ ತಾಯಿಯ ಮನೆಗೆ ಮರಳಿದಾಗ ನನಗೆ ಮೊದಲು ನೋಡಬೇಕೆನ್ನಿಸಿದ್ದು ಆ ಪದವನ್ನು. ಅರ್ಧ ಪದವು ಗುರುತು ಸಿಗದಂತಾಗಿತ್ತು. ಸೊಂಟದೆತ್ತರಕ್ಕೆ ಮುಳಿಹುಲ್ಲು ಬೆಳೆದು ಒಣಗಿ, ಅದರ ಒಂದು ಭಾಗ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಕರಕಲಾಗಿತ್ತು.

ಏಕೆ ಹೀಗಾಯಿತು ಎಂದು ತಿಳಿಸಿಕೊಟ್ಟವರು ಊರಿನ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟರು. ಹಿಂದೆ ಮನೆಗಳಿಗೆ ಹೊದಿಸಲು ಮುಳಿಹುಲ್ಲು ಕೊಯ್ಯುತ್ತಿದ್ದರು, ಉಳಿದದ್ದನ್ನು ದನಗಳು ಮೇಯುತ್ತಿದ್ದವು. ಹೆಂಚು ಬಂದು ಕೊಯ್ಯುವುದು ನಿಂತಿತು. ಮಕ್ಕಳು ಮುಂಬಯಿಗೆ, ಗಲ್ಫಿಗೆ ಹೋದ ಮೇಲೆ ಒಂದೊಂದೇ ಹಟ್ಟಿ ಖಾಲಿಯಾಯಿತು. ದನ ಮೇಯದ ಕಡೆ ಹುಲ್ಲು ಎತ್ತರವಾಗಿ, ಬಿಸಿಲಿಗಾಗಿ ಬಾಯಿ ತೆರೆದು ಕೂತ ಪುಟ್ಟ ಗಿಡಗಳ ಮೇಲೆ ನೆರಳು ಕವಿಯಿತು. ಮೇಷ್ಟರು ಮಂಡಿಯೂರಿ ನನಗೊಂದು ನೇರಳೆ ಹೂ ತೋರಿಸಿದರು. ಮಣ್ಣಿನಲ್ಲಿ ಸತ್ವವೇ ಇಲ್ಲದ್ದರಿಂದ ಬೇರಿನಂಥ ಎಳೆಗಳ ಮೇಲಿನ ಚಿಕ್ಕ ಚೀಲಗಳಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುವ ಗಿಡ ಅದು. ಅಂಥದ್ದಕ್ಕೆ ಮುಳಿಹುಲ್ಲಿನ ಜೊತೆ ಪೈಪೋಟಿ ಮಾಡುವ ಶಕ್ತಿ ಎಲ್ಲಿಂದ ಬರಬೇಕು?

ಅವರು ಭರತ್‌ಪುರದ ಕಥೆಯನ್ನೂ ಹೇಳಿದರು. ರಾಜಸ್ಥಾನದ ಆ ಕೇವಲಾದೇವ್ ಉದ್ಯಾನದಲ್ಲಿ 1982ರಲ್ಲಿ ಎಮ್ಮೆ ದನ ಮೇಯಿಸುವುದನ್ನು ನಿಲ್ಲಿಸಿದರು. ಹಕ್ಕಿಗಳಿಗೆ ಒಳ್ಳೆಯದಾಗಲಿ ಎಂಬುದೇ ಉದ್ದೇಶ. ಆದರೆ ನೀರಿನಲ್ಲಿ ಬೆಳೆಯುವ ಹುಲ್ಲು ಕೆರೆಯ ಮೇಲೆಲ್ಲ ಹರಡಿ, ತೆರೆದ ನೀರು ಬೇಕಾದ ಹಕ್ಕಿಗಳಿಗೇ ಜಾಗವಿಲ್ಲದಂತಾಯಿತು ಎಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವರ್ಷಗಳ ಅಧ್ಯಯನ ಕಂಡುಕೊಂಡಿತು. ಇಂಗ್ಲೆಂಡಿನಲ್ಲಿ ಹುಲ್ಲುಗಾವಲಿನ ಹೂಗಳಿಗಾಗಿಯೇ ದನಗಳನ್ನು ಬಿಟ್ಟು, ಊರವರು ಸರದಿಯ ಮೇಲೆ ದಿನವೂ ಅವುಗಳ ಯೋಗಕ್ಷೇಮ ನೋಡಿ ಬರುತ್ತಾರೆ ಎಂಬುದೂ ಅವರಿಗೆ ಗೊತ್ತಿತ್ತು. ನಮ್ಮಲ್ಲಿ ದನಗಳನ್ನು ಹೊಸದಾಗಿ ತಂದು ಬಿಡುವ ಅಗತ್ಯವಿರಲಿಲ್ಲ. ಇರುವವರು ಮಾರದಿದ್ದರೆ ಸಾಕಿತ್ತು.

ಇನ್ನೂ ದನ ಸಾಕುತ್ತಿದ್ದದ್ದು 6 ಮನೆಗಳು. ಎಲ್ಲವೂ ಮಲೆನಾಡು ಗಿಡ್ಡ, ನಮ್ಮ ಬಾಯಲ್ಲಿ ಊರ ದನ. ನನ್ನ ಸೊಂಟದೆತ್ತರದ ದೇಹ, ಕಲ್ಲಿನ ಮೇಲೆ ಜಾರದ ಗಟ್ಟಿ ಗೊರಸು. ವರ್ಷಕ್ಕೊಂದು ಕರು ಹಾಕುತ್ತದೆಂದು ಇದಕ್ಕೆ ವರ್ಷಗಂಧಿ ಎಂಬ ಹೆಸರೂ ಇದೆ. ಹಾಲು ಮಾತ್ರ ಮನೆಯ ಕಾಫಿಗೆ, ಮಜ್ಜಿಗೆಗೆ. ಬೆಳಿಗ್ಗೆ ಕರೆದು ಹಟ್ಟಿಯ ತಡಮೆ ತೆಗೆದರೆ ತಾವಾಗಿಯೇ ಪದವು ಹತ್ತಿ, ಸಂಜೆ ತಾವಾಗಿಯೇ ಇಳಿದು ಬರುತ್ತವೆ. ಹಾಲು ಕೊಡದವು ಬೇಸಗೆಯಲ್ಲಿ ಎರಡು ಮೂರು ದಿನ ಬಾರದೆ ಉಳಿಯುವುದೂ ಉಂಟು. ಹಿಂದೆ ಜೊತೆಯಲ್ಲಿ ಮೇಯಿಸುವ ಹುಡುಗರಿದ್ದರು. ಈಗ ಮನೆಯಲ್ಲಿರುವುದು ಮಂಡಿನೋವಿನ ಮುದುಕರು. ಗುಡ್ಡೆ ಹತ್ತಿ ನೋಡಿಬರಲು ಅವರಿಂದಾಗದು, ಆದ್ದರಿಂದಲೇ ಮಾರುವ ಯೋಚನೆ. ‘ನೀವು ದನ ಇಟ್ಟುಕೊಳ್ಳಿ, ನೋಡಿಬರುವ ಕೆಲಸ ನಮ್ಮದು’ ಎಂದು ಮೇಷ್ಟರು ಮನೆಮನೆಗೆ ಹೋಗಿ ಕೇಳಿಕೊಂಡರು. ಹೀಗೆ ವಾರದ ಏಳು ದಿನಕ್ಕೆ ನಾವು ಏಳು ಜನ ಸಿಕ್ಕೆವು. ಹೊಲಿಗೆ ಕೆಲಸದ ಒಬ್ಬ ತರುಣ, ಅಂಗನವಾಡಿಯ ಒಬ್ಬರು, ಒಬ್ಬ ರಿಕ್ಷಾ ಚಾಲಕ, ಕಾಲೇಜಿನ ಇಬ್ಬರು ಹುಡುಗಿಯರು, ಮೇಷ್ಟರು ಮತ್ತು ನಾನು. ನನ್ನ ಪಾಲಿಗೆ ಬಂದದ್ದು ಮಂಗಳವಾರ.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲಿನ ಮೂರು ಭಾನುವಾರ ಪಶು ಆಸ್ಪತ್ರೆಯ ಡಾಕ್ಟರರು ಬಂದು ನಮಗೆ ಪಾಠ ಹೇಳಿದರು. ಮೊದಲ ದಿನ ದನದ ಹತ್ತಿರ ಹೋಗಲೇ ಬಿಡಲಿಲ್ಲ. ದೂರದಲ್ಲಿ ಕಲ್ಲಿನ ಮೇಲೆ ಕೂರಿಸಿ ಅರ್ಧ ಗಂಟೆ ಸುಮ್ಮನೆ ನೋಡಲು ಹೇಳಿದರು. ನಾವು ಹತ್ತಿರ ಹೋದೊಡನೆ ದನ ತಲೆಯೆತ್ತುತ್ತದೆ, ಎದ್ದು ನಿಲ್ಲುತ್ತದೆ, ತನ್ನ ನೋವನ್ನು ಮರೆಮಾಚುತ್ತದೆ. ಆದ್ದರಿಂದ ನೋಡಬೇಕಾದದ್ದನ್ನು ಮುಕ್ಕಾಲು ಪಾಲು ದೂರದಿಂದಲೇ ನೋಡಿ ಮುಗಿಸಬೇಕು. ಗುಂಪಿನಿಂದ ಬೇರೆ ನಿಂತದ್ದು ಯಾವುದು? ನಡೆಯುವಾಗ ತಲೆ ತಗ್ಗಿ ಏಳುತ್ತಿದೆಯೇ? ಕಿವಿ ಜೋತಿದೆಯೇ, ನೊಣಕ್ಕೆ ಬಾಲ ಬೀಸುತ್ತಿದೆಯೇ? ಮೂತಿಯ ಮೇಲೆ ಬೆವರಿನ ಹನಿ ಇದೆಯೇ, ಒಣಗಿದೆಯೇ? ಸಗಣಿ ಹೇಗಿದೆ? ಎಡಹೊಟ್ಟೆಯ ಮೇಲ್ಭಾಗದ ಗುಳಿ ತುಂಬಿ ಉಬ್ಬಿದ್ದರೆ ಒಂದು ಅರ್ಥ, ದಿನವಿಡೀ ಒಳಗೆ ಹೋಗಿಯೇ ಇದ್ದರೆ ಇನ್ನೊಂದು ಅರ್ಥ. ಎಲ್ಲಕ್ಕಿಂತ ಮುಖ್ಯವಾಗಿ, ಮಲಗಿದ ದನ ಮೆಲುಕು ಹಾಕುತ್ತಿದೆಯೇ? ಆರೋಗ್ಯವಾದ ದನ ದಿನಕ್ಕೆ ಆರೆಂಟು ಗಂಟೆ ಮೆಲುಕು ಹಾಕುತ್ತದೆ. ಒಂದು ತುತ್ತನ್ನು ಐವತ್ತರ ಆಸುಪಾಸು ಸಲ ಅಗಿದು ನುಂಗಿ, ಒಂದು ಕ್ಷಣ ಬಿಟ್ಟು ಇನ್ನೊಂದನ್ನು ಮೇಲಕ್ಕೆ ತರುತ್ತದೆ. ಆ ತುತ್ತು ಕುತ್ತಿಗೆಯ ಕೆಳಗಿನಿಂದ ಮೇಲಕ್ಕೆ ಉರುಳಿ ಬರುವುದು ಕಣ್ಣಿಗೆ ಕಾಣುತ್ತದೆ. ಆವರೆಗೆ ನಾನದನ್ನು ನೋಡಿಯೇ ಇರಲಿಲ್ಲ.

ಚರ್ಮದ ಮೇಲೆ ಗಂಟು ಕಂಡರೆ ತಡಮಾಡಬಾರದು ಎಂದು ಅವರು ಒತ್ತಿ ಹೇಳಿದಾಗ ದನದ ಮನೆಯವರೆಲ್ಲ ತಲೆಯಾಡಿಸಿದರು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹಬ್ಬಿದಾಗ ಅವರಲ್ಲೊಬ್ಬರು ಒಂದು ಕಡಸನ್ನು ಕಳೆದುಕೊಂಡಿದ್ದರು. ಉಣುಗಿನ ವಿಷಯದಲ್ಲಿ ದನಕ್ಕಿಂತ ಹೆಚ್ಚು ನಮ್ಮ ಬಗ್ಗೆಯೇ ಎಚ್ಚರಿಕೆ ಹೇಳಿದರು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ಅಲ್ಲವೇ. ಡಿಸೆಂಬರ್‌ನಿಂದ ಮೇವರೆಗೆ ತರಗೆಲೆಯ ಮೇಲೆ ಕೂರಬಾರದು, ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈಯೆಲ್ಲ ನೋಡಿಕೊಳ್ಳಬೇಕು.

ಮಾಡಬಾರದ ಕೆಲಸಗಳನ್ನೂ ಖಡಾಖಂಡಿತವಾಗಿ ಹೇಳಿದರು. ಔಷಧ ಕೊಡಬಾರದು, ಕಟ್ಟಿಹಾಕಬಾರದು, ಬಾಳೆಹಣ್ಣು ತಿನ್ನಿಸಿ ಸಲುಗೆ ಬೆಳೆಸಬಾರದು. ಹಣ್ಣಿನ ಆಸೆ ಹತ್ತಿದ ದನ ರಸ್ತೆಯ ಜನರ ಹಿಂದೆ ಹೋಗುತ್ತದೆ. ಏನಾದರೂ ಕಂಡರೆ ಮೊದಲು ಮನೆಯವರಿಗೆ ತಿಳಿಸಬೇಕು, ಆಮೇಲೆ ಡಾಕ್ಟರರಿಗೆ, ಅವರು ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾಲಯದ 1962 ಸಂಖ್ಯೆಗೆ.

ನಾನು ಮೊದಲು ಕಲಿತದ್ದು ಸಂಖ್ಯೆಗಳನ್ನು. ಪ್ರತಿ ದನದ ಕಿವಿಯಲ್ಲಿ 12 ಅಂಕೆಗಳ ಹಳದಿ ಓಲೆ ಇರುತ್ತದೆ. ಕೊನೆಯ ನಾಲ್ಕಂಕೆಗಳ ಪಟ್ಟಿ ಮಾಡಿಕೊಂಡೆ. 14 ಹಸು, 5 ಕಡಸು, 2 ಹೋರಿ, 2 ಕರು, ಒಟ್ಟು 23. ನೋಟಿನ ಕಟ್ಟು ಎಣಿಸಿದ ಕೈಗೆ ಈ ಕೆಲಸ ಹಿತವಾಗಿತ್ತು. ಜೂನ್ ತಿಂಗಳಿಡೀ ಮಂಗಳವಾರ ಆರೂವರೆಗೆ ಮನೆ ಬಿಟ್ಟು, ಪದವು ಹತ್ತಿ, ಎಣಿಸಿ, ಬರೆದು, ಮೊಬೈಲ್‌ನಲ್ಲಿ ಉಳಿದವರಿಗೆ ಕಳುಹಿಸಿ ಎಂಟಕ್ಕೆ ಮನೆಗೆ ಬರುತ್ತಿದ್ದೆ. ಕೊಡೆ ಬಿಚ್ಚಿದರೆ ದನ ಬೆದರುತ್ತವೆಂದು ಒಂದು ದಪ್ಪ ಮಳೆಕೋಟು ಕೊಂಡೆ. ಬೆಳ್ಳಕ್ಕಿಗಳು ದನದ ಕಾಲಬುಡದಲ್ಲಿ ಮಿಡತೆ ಹಿಡಿಯುವುದು, ಕಾಜಾಣ ಬೆನ್ನೇರಿ ಸವಾರಿ ಮಾಡುವುದು, ದೊಡ್ಡ ಮಳೆ ಬಂದಾಗ ಹಿಂಡಿಗೆ ಹಿಂಡೇ ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದು, ಇವೆಲ್ಲ ನನಗೆ ಹೊಸ ಸಂತೋಷ. ಕೈಪುಸ್ತಕದ ಪುಟಗಳು ಒಂದೇ ತೆರನಾಗಿ ತುಂಬುತ್ತಿದ್ದವು.

ಆ ಮಂಗಳವಾರ ಎಣಿಕೆಯಲ್ಲಿ ನನಗೆ ತಪ್ಪಲಿಲ್ಲ. 22 ದನ ನೆತ್ತಿಯಲ್ಲಿದ್ದವು. ಬಿಳಿಬೂದು ಹಸು ಬೊಳ್ಳಿ ಮಾತ್ರ ಅಂಚಿನ ಗೇರುಮರದ ಕೆಳಗೆ ನಿಂತಿತ್ತು. ಮಳೆಗೆ ಮರೆ ಹುಡುಕಿದೆ ಎಂದುಕೊಂಡೆ. ಬಾಯಿ ಆಡುತ್ತಿರಲಿಲ್ಲ, ದಣಿವಾರಿಸಿಕೊಳ್ಳುತ್ತಿದೆ ಎಂದುಕೊಂಡೆ. ಹೊಟ್ಟೆ ತುಂಬಿ ಕಂಡಿತು, ಚೆನ್ನಾಗಿ ಮೇದಿದೆ ಎಂದುಕೊಂಡೆ. ಡಾಕ್ಟರರು ಹೇಳಿಕೊಟ್ಟ ಮೂರು ಗುರುತುಗಳು ಒಂದೇ ದನದಲ್ಲಿ ಕಣ್ಣೆದುರಿಗಿದ್ದವು. ನಾನು ಮೂರಕ್ಕೂ ಸಮಾಧಾನ ಹುಡುಕಿಕೊಂಡು ಓಲೆಯ ಸಂಖ್ಯೆಗೆ ಗುರುತು ಹಾಕಿದೆ. ಮರುದಿನ ಬಂದ ಹೊಲಿಗೆಯ ತರುಣನಿಗೆ ಮಳೆಯ ಮಬ್ಬಿನಲ್ಲಿ 19 ಮಾತ್ರ ಕಂಡವು. ಅವನು ಹಾಗೆಯೇ ಪ್ರಾಮಾಣಿಕವಾಗಿ ಬರೆದ. ಹಿಂದಿನ ದಿನದ ನನ್ನ ‘ಎಲ್ಲ ಕ್ಷೇಮ’ ಓದಿದ್ದರಿಂದ ಉಳಿದ ನಾಲ್ಕನ್ನು ಹುಡುಕಲು ಹಾಡಿಗೆ ಇಳಿಯಲಿಲ್ಲ. ತಪ್ಪು ಬರಹ ಒಬ್ಬರಲ್ಲೇ ನಿಲ್ಲುವುದಿಲ್ಲ ಎಂದು ಗೊತ್ತಾದದ್ದು ಆಗಲೇ.

ಗುರುವಾರ ರಾತ್ರಿ ಬೊಳ್ಳಿಯ ಮನೆಯ ದೊಡ್ಡಮ್ಮ ಫೋನ್ ಮಾಡಿದರು. ‘ಮಗಳೇ, ಬೊಳ್ಳಿ ಅಕ್ಕಚ್ಚು ಮುಟ್ಟಲಿಲ್ಲ. ಬಾಲ್ದಿಗೆ ಮೂತಿ ಇಡುತ್ತಾಳೆ, ತೆಗೆಯುತ್ತಾಳೆ. ನೀವು ನೋಡಿದಾಗ ಸರಿ ಇದ್ದಳಲ್ಲ?’

ಆ ಪ್ರಶ್ನೆಗೆ ಉತ್ತರ ಕೊಡುವುದು ನನಗೆ ಬಹಳ ಕಷ್ಟವಾಯಿತು. ‘ಇರಲಿಲ್ಲ ದೊಡ್ಡಮ್ಮ, ನನಗೆ ತಿಳಿಯಲಿಲ್ಲ’ ಎಂದೆ.

ಶುಕ್ರವಾರ ಡಾಕ್ಟರರು ಬಂದರು. ಬೊಳ್ಳಿಯ ಎಡಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿದಾಗ ನಾದಿದ ಹಿಟ್ಟಿನಲ್ಲಿ ಉಳಿಯುವಂತೆ ಗುಳಿ ಉಳಿಯಿತು. ಅಂಗೈ ಒತ್ತಿ ಇಟ್ಟು ನನ್ನನ್ನೂ ಹಾಗೆಯೇ ಇಡಲು ಹೇಳಿದರು. ಎರಡು ನಿಮಿಷಕ್ಕೆ ಎರಡು ಮೂರು ಸಲ ಒಳಗಿನ ಹೊಟ್ಟೆ ಉಬ್ಬಿ ಹೊರಳುವುದು ಕೈಗೆ ತಿಳಿಯಬೇಕು. ಐದು ನಿಮಿಷ ಇಟ್ಟರೂ ಏನೂ ತಿಳಿಯಲಿಲ್ಲ. ‘ಒಳಗೆ ಏನೋ ತುಂಬಿಕೊಂಡಿದೆ. ಕೊಯ್ಯದೆ ದಾರಿಯಿಲ್ಲ’ ಎಂದರು.

ಸಂಜೆ ಐದಕ್ಕೆ ಹಟ್ಟಿಯಲ್ಲೇ ಶಸ್ತ್ರಚಿಕಿತ್ಸೆ. ಪಕ್ಕೆಯ ಕೂದಲು ಬೋಳಿಸಿ, ಆ ಭಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ನಿಂತ ಹಸುವಿನ ಎಡಪಕ್ಕೆಯನ್ನು ಕೊಯ್ದರು. ದೊಡ್ಡಮ್ಮ ಅವಳ ಹಣೆಗೆ ಹಣೆ ತಾಗಿಸಿ ನಿಂತಿದ್ದರು. ಮೋಡ ಕವಿದು ಕತ್ತಲಾಗಿತ್ತು, ಕರೆಂಟ್ ಇರಲಿಲ್ಲ, ಟಾರ್ಚ್ ನನ್ನ ಕೈಯಲ್ಲಿತ್ತು. ಡಾಕ್ಟರರ ತೋಳು ಮೊಣಕೈವರೆಗೆ ಒಳಗೆ ಹೋಗಿ, ಮೊದಲು ಒಂದು ಹಾಲಿನ ತೊಟ್ಟೆ ಬಂತು. ಆಮೇಲೆ ಒಂದಕ್ಕೊಂದು ಹೆಣೆದುಕೊಂಡ ಕೈಚೀಲಗಳು, ನೈಲಾನ್ ಹಗ್ಗದ ತುಂಡು, ಸಾಂಬಾರಿನ ಹಳದಿ ಬಣ್ಣ ಇನ್ನೂ ಹೋಗದ ಗಂಟುಕಟ್ಟಿದ ತೊಟ್ಟೆಗಳು. ಹಗ್ಗದಂತೆ ಹುರಿಗೊಂಡ ಅದನ್ನು ಎಳೆದಷ್ಟೂ ಬರುತ್ತಿತ್ತು. ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟಾಗ 9 ಕಿಲೋ. ಆ ಪುಟ್ಟ ದೇಹದೊಳಗೆ 9 ಕಿಲೋ. ಎಷ್ಟೋ ತಿಂಗಳುಗಳಿಂದ ಸೇರಿಕೊಂಡದ್ದು ಎಂದರು ಡಾಕ್ಟರರು. ದನ ಆಯ್ದು ತಿನ್ನುವ ಪ್ರಾಣಿಯಲ್ಲ, ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತದೆ. ಅನ್ನ ಕಟ್ಟಿದ ತೊಟ್ಟೆಯನ್ನು ಬಿಚ್ಚಲು ಅದಕ್ಕೆ ಬಾರದು. ಪ್ಲಾಸ್ಟಿಕ್ ಕರಗುವುದೂ ಇಲ್ಲ, ಮುಂದಕ್ಕೆ ಹೋಗುವುದೂ ಇಲ್ಲ.

ಪದವಿನಲ್ಲಿ ಪ್ಲಾಸ್ಟಿಕ್ ಇಲ್ಲ. ಅದು ಬಂದದ್ದು ಪದವಿನ ಪಶ್ಚಿಮದ ಅಂಚಿನ ಡಾಂಬರು ರಸ್ತೆಯಿಂದ. ಸಮಾರಂಭಗಳ ಉಳಿಕೆ ಊಟವನ್ನು ತೊಟ್ಟೆಗಳಲ್ಲಿ ಕಟ್ಟಿ ರಾತ್ರಿ ಅಲ್ಲಿ ಎಸೆದು ಹೋಗುತ್ತಿದ್ದರು. ಆ ಜಾಗ ನಮಗೆಲ್ಲರಿಗೂ ಗೊತ್ತಿತ್ತು, ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ದನ ನೋಡುವುದೆಂದರೆ ದನವನ್ನಷ್ಟೇ ನೋಡುವುದು ಎಂದುಕೊಂಡಿದ್ದೆವು. ಈಗ ಭಾನುವಾರದವರ ಕೆಲಸಕ್ಕೆ ಆ ರಸ್ತೆಬದಿಯೂ ಸೇರಿದೆ. ಗೋಣಿಚೀಲ ಹಿಡಿದು ಇಬ್ಬರು ಹೆಕ್ಕುತ್ತಾರೆ. ಪಂಚಾಯಿತಿಯವರು ಒಮ್ಮೆ ಪೂರ್ತಿ ಸ್ವಚ್ಛ ಮಾಡಿ ಫಲಕ ಹಾಕಿದರು. ಎಸೆಯುವವರ ಬಳಿ ನಾವೇ ಹೋಗಿ ಮಾತನಾಡಿದೆವು. ಎರಡು ವಾರ ನಿಂತಿತ್ತು, ಮತ್ತೆ ಶುರುವಾಗಿದೆ. ನಾವೂ ಮತ್ತೆ ಹೋಗಿದ್ದೇವೆ. ದೇವರ ಹೆಸರಿನಲ್ಲಿ ಗೋಪೂಜೆಯ ದಿನ ಹಣೆಗೆ ಕುಂಕುಮ ಇಡುವ ಊರಿನಲ್ಲಿ ಈ ಮಾತನ್ನು ಎರಡೆರಡು ಸಲ ಹೇಳಬೇಕಾಗಿ ಬಂದದ್ದು ನನಗೆ ಸಿಟ್ಟನ್ನೂ ಸಂಕಟವನ್ನೂ ತಂದಿದೆ.

ಸೆಪ್ಟೆಂಬರ್‌ನ ಒಂದು ಮುಸ್ಸಂಜೆಯ ವಿಷಯವನ್ನೂ ಹೇಳಬೇಕು. ಒಂದು ಹೋರಿ ಎರಡು ದಿನ ಕಾಣಿಸದೆ, ನಾನೂ ರಿಕ್ಷಾದ ಅಣ್ಣನೂ ದೀಪ ಹಿಡಿದು ಹಳೆಯ ಕೆಂಪುಕಲ್ಲಿನ ಕೋರೆಯ ಸುತ್ತ ಹುಡುಕುತ್ತಿದ್ದೆವು. ಕಲ್ಲು ತೆಗೆದು ಬಿಟ್ಟ ಆ ಹೊಂಡಗಳಲ್ಲಿ ಆಳುದ್ದ ನೀರು, ಬದಿ ಗೋಡೆಯಂತೆ ನೇರ, ಬಿದ್ದ ದನ ಮೇಲೆ ಬರಲಾರದು. ಬೈಕಿನಲ್ಲಿ ಬಂದ ನಾಲ್ವರು ತಡೆದರು. ‘ಯಾರು ನೀವು? ಈ ಹೊತ್ತಿನಲ್ಲಿ ದನದ ಹಿಂದೆ ಏನು ಕೆಲಸ?’ ಅಣ್ಣನ ಧ್ವನಿ ನಡುಗಿತು. ನಾನು ದೊಡ್ಡಮ್ಮನಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ, ಮಾತು ಅಲ್ಲಿಗೆ ಮುಗಿಯಿತು. ದನ ಕದಿಯುವವರ ಭಯ ಅವರಿಗಿದೆ, ಅದು ಸುಳ್ಳಲ್ಲ. ಆದರೆ ಆ ದಿನ ಅಣ್ಣ ಒಬ್ಬರೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಕತ್ತಲಾದ ಮೇಲೆ ಯಾರೂ ಹೋಗುವುದಿಲ್ಲ. ನಮ್ಮ ಏಳು ಜನರ ಹೆಸರನ್ನು ಪಂಚಾಯಿತಿಗೂ ಪೊಲೀಸ್ ಠಾಣೆಗೂ ಬರೆದುಕೊಟ್ಟಿದ್ದೇವೆ, ಆರೂ ಮನೆಯವರ ಸಹಿಯ ಪತ್ರ ಕಿಸೆಯಲ್ಲಿರುತ್ತದೆ. ಹೋರಿ ಮರುದಿನ ತಾನೇ ಬಂತು, ಕೊಂಬಿನಲ್ಲಿ ಕಾಡುಬಳ್ಳಿ ಸಿಕ್ಕಿಸಿಕೊಂಡು.

ಕೈಪುಸ್ತಕ ಬದಲಾಗಿದೆ. ಪ್ರತಿ ದನಕ್ಕೂ ಒಂದು ಪುಟ, ಅದರಲ್ಲಿ ಅದರ ಸ್ವಭಾವ. ಕಪಿಲೆ ಮುಂದೆ ನಡೆಯುತ್ತಾಳೆ, ಬೊಳ್ಳಿ ಅವಳ ಹಿಂದಿನವಳು, ಎಂದೂ ಅಂಚಿನಲ್ಲಿ ನಿಲ್ಲುವವಳಲ್ಲ. ಕಾಳಿ ಮಾತ್ರ ಯಾವಾಗಲೂ ದೂರ, ಅದು ಅವಳ ರೀತಿ. ಒಂದರ ರೋಗದ ಗುರುತು ಇನ್ನೊಂದರ ದಿನನಿತ್ಯದ ಅಭ್ಯಾಸ. ಇದನ್ನು ದೊಡ್ಡಮ್ಮನ ಬಳಿ ಕೂತು ಕೇಳಿ ಬರೆದುಕೊಂಡೆ, ಅವರು ಮಂಡಿನೋವಿನ ಕಾಲು ಚಾಚಿಕೊಂಡೇ 23 ದನಗಳ ವಿಷಯ ಹೇಳಿದರು. ಈಗ ಎಣಿಸಿದ ಮೇಲೆ ನಾನು ಹೊರಡುವುದಿಲ್ಲ. ಅವು ಮೇದು ಮಲಗುವವರೆಗೆ ಕಾಯುತ್ತೇನೆ. ಎಂಟಕ್ಕೆ ಮನೆ ಸೇರುತ್ತಿದ್ದವಳು ಈಗ ಸೇರುವಾಗ ಹತ್ತಾಗುತ್ತದೆ.

ಬೊಳ್ಳಿಗೆ ಐದು ದಿನ ಚುಚ್ಚುಮದ್ದು, ಗಂಜಿಯ ತೆಳಿ, ಆಮೇಲೆ ಸ್ವಲ್ಪ ಸ್ವಲ್ಪವೇ ಎಳೆ ಹುಲ್ಲು. ನಾಲ್ಕನೆಯ ದಿನದವರೆಗೆ ಏನನ್ನೂ ಬಾಯಿಗೆ ಹಾಕದೆ ನಮ್ಮನ್ನು ಹೆದರಿಸಿದಳು. ಹೊಲಿಗೆ ಬಿಚ್ಚಿದ ಮೇಲೂ ದೊಡ್ಡಮ್ಮ ಎರಡು ತಿಂಗಳು ಹಟ್ಟಿಯಲ್ಲೇ ಬೈಹುಲ್ಲು ಹಾಕಿ ಇಟ್ಟುಕೊಂಡರು. ಮಾರಿಬಿಡುತ್ತಾರೇನೋ ಎಂಬ ಭಯ ನನಗಿತ್ತು. ಕೇಳುವ ಧೈರ್ಯವಿರಲಿಲ್ಲ.

ಅಕ್ಟೋಬರ್‌ನ ಒಂದು ಮಂಗಳವಾರ ನಾನು ಹೋಗುವಷ್ಟರಲ್ಲಿ ದೊಡ್ಡಮ್ಮ ಅಂಗಳದಲ್ಲಿ ಕಾಯುತ್ತಿದ್ದರು. ‘ಇವತ್ತು ನಿಮ್ಮ ದಿನ ಅಲ್ಲವೇ’ ಎಂದು ತಡಮೆ ಸರಿಸಿದರು. ಬೊಳ್ಳಿ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಕಪಿಲೆಯ ಹಿಂದೆ ಗುಡ್ಡೆ ಹತ್ತಿದಳು. ನಾನು ಹಿಂಬಾಲಿಸಿದೆ. ಒಂಬತ್ತೂಕಾಲಿಗೆ ಅವಳು ಕಲ್ಲಿನ ಪಕ್ಕ ಮಡಚಿ ಮಲಗಿದಳು. ನಾನು ಮೂವತ್ತು ಹೆಜ್ಜೆ ದೂರದಲ್ಲಿ ಕೂತು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದೆ. ತುತ್ತು ಮೇಲಕ್ಕೆ ಉರುಳಿ ಬಂತು. ಎಣಿಸಲು ಶುರು ಮಾಡಿದೆ. ಐವತ್ನಾಲ್ಕಕ್ಕೆ ನುಂಗಿದಳು. ಪೆನ್ನು ತೆಗೆಯದೆ, ಮುಂದಿನ ತುತ್ತು ಬರಲೆಂದು ಕಾದೆ.